ವ್ರತಕಾಲದ ಪಾಠ: ಬೈದು ಬಿಡಿಸಿದ ಚಟ ಎಷ್ಟು ದಿನ ನಿಲ್ಲುತ್ತದೆ?



ಕಳೆದ ವಾರ ಇರುಮುಡಿಗೆ ಏನೇನು ಬೇಕು ಅಂತ ನೋಡಿದೆವು. ಈ ವಾರದ್ದು ಯಾವ ಚೀಲಕ್ಕೂ ಹಿಡಿಯದ ವಿಷಯ. ನಮ್ಮ ಜೊತೆ ಮಾಲೆ ಹಾಕಿದ ಒಬ್ಬ ಸ್ವಾಮಿ ಸಿಗರೇಟು ಬಿಡಲು ಒದ್ದಾಡುತ್ತಿದ್ದಾರೆ. ಇನ್ನೊಬ್ಬರು ಬೆಳಿಗ್ಗೆ ಏಳಲಾಗದೆ ದಿನವೂ ಶರಣು ತಪ್ಪಿಸುತ್ತಿದ್ದಾರೆ. ಮತ್ತೊಬ್ಬರ ಬಾಯಲ್ಲಿ ಕೆಟ್ಟ ಮಾತು ನಿಲ್ಲುತ್ತಿಲ್ಲ. ಇವರ ಜೊತೆ ನಾವು ಹೇಗೆ ಮಾತಾಡಬೇಕು? ಬೈಯಬೇಕಾ, ಹೆದರಿಸಬೇಕಾ, ಬೆನ್ನು ತಟ್ಟಬೇಕಾ? ಬೆನ್ನು ತಟ್ಟುವುದೇ ಹೆಚ್ಚು ಕೆಲಸ ಮಾಡುತ್ತದೆ ಅನ್ನುವುದು ನನ್ನ ಉತ್ತರ. ಇದು ಬರೀ ಒಳ್ಳೆಯತನದ ಮಾತಲ್ಲ, ಕಾರಣಗಳಿವೆ.

ಮೊದಲ ಕಾರಣ ನಮ್ಮ ವ್ರತದಲ್ಲೇ ಇದೆ. ಮಾಲೆ ಬಿದ್ದ ಕ್ಷಣದಿಂದ ನಮ್ಮ ಹೆಸರು ಹೋಗಿ 'ಸ್ವಾಮಿ' ಬರುತ್ತದೆ. ಮನೆಯಲ್ಲಿ ನಿನ್ನೆವರೆಗೆ 'ಲೇ, ಎದ್ದೇಳೋ' ಅನ್ನುತ್ತಿದ್ದ ಅಪ್ಪನೇ ಇವತ್ತು 'ಸ್ವಾಮಿ, ಊಟಕ್ಕೆ ಬನ್ನಿ' ಅನ್ನುತ್ತಾರೆ. ಗಮನಿಸಿ, ನಾವು ಆ ಹೊತ್ತಿಗೆ ಇನ್ನೂ ಏನೂ ಸಾಧಿಸಿರುವುದಿಲ್ಲ. ಒಂದು ದಿನದ ವ್ರತವೂ ಮುಗಿದಿರುವುದಿಲ್ಲ. ಆದರೂ ಗೌರವ ಮೊದಲೇ ಸಿಕ್ಕಿಬಿಡುತ್ತದೆ. ಆ ಹೆಸರಿಗೆ ತಕ್ಕ ಹಾಗೆ ಇರೋಣ ಅಂತ ನಮಗೇ ಅನ್ನಿಸತೊಡಗುತ್ತದೆ. ಹತ್ತು ಸಲ 'ಕುಡುಕ' ಅನ್ನಿಸಿಕೊಂಡವನು ಹನ್ನೊಂದನೇ ಸಲ ಕುಡಿಯಲು ನಾಚುವುದಿಲ್ಲ. ಹತ್ತು ಜನ 'ಸ್ವಾಮಿ' ಅಂತ ಕರೆದವನು ಬಾರ್ ಮುಂದೆ ನಿಂತು ಎರಡು ಸಲ ಯೋಚಿಸುತ್ತಾನೆ. ಯಾವ ಕಾಲೇಜಿನ ಮನಶ್ಶಾಸ್ತ್ರವೂ ಹೇಳಿಕೊಡುವ ಮೊದಲೇ ನಮ್ಮ ಹಿರಿಯ ಗುರುಸ್ವಾಮಿಗಳಿಗೆ ಇದು ಗೊತ್ತಿತ್ತು ಅನ್ನಿಸುತ್ತದೆ.

ನನ್ನ ಕೆಲಸ ಐಟಿ ಸಪೋರ್ಟ್. ಡಿಪ್ಲೊಮಾ ಮುಗಿಸಿ ಚೆನ್ನೈಗೆ ಬಂದವನು, ಇರುವುದು ಪುರಸೈವಾಕ್ಕಂನಲ್ಲಿ. ಕಂಪ್ಯೂಟರ್ ರಿಪೇರಿ ಕೆಲಸ ಅಂತ ಊರಲ್ಲಿ ಅಂದುಕೊಂಡಿದ್ದಾರೆ. ನಿಜ ಹೇಳಬೇಕೆಂದರೆ ದಿನವಿಡೀ ಜನರ ಅಭ್ಯಾಸಗಳ ರಿಪೇರಿ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸುವವರು, 'ಸಿಸ್ಟಂ ವರ್ಕ್ ಆಗ್ತಿಲ್ಲ' ಅಂತ ಒಂದೇ ಸಾಲಿನ ಟಿಕೆಟ್ ಹಾಕಿ ಊಟಕ್ಕೆ ಹೋಗುವವರು. ಚೀಟಿ ಅಂಟಿಸಿದವರನ್ನು ಗದರಿಸಿದರೆ ಏನಾಗುತ್ತದೆ ಗೊತ್ತಾ? ಚೀಟಿ ಮಾನಿಟರಿನಿಂದ ಕೀಬೋರ್ಡಿನ ಅಡಿಗೆ ಹೋಗುತ್ತದೆ. ಅಭ್ಯಾಸ ಹೋಗುವುದಿಲ್ಲ, ಬಚ್ಚಿಟ್ಟುಕೊಳ್ಳುತ್ತದೆ. ನಮ್ಮ ಟೀಮಿನ ಹಿರಿಯ ಅಕ್ಕ ಒಬ್ಬರ ದಾರಿ ಬೇರೆ. ಯಾರಾದರೂ ಒಮ್ಮೆ ಎರರ್ ಮೆಸೇಜಿನ ಸ್ಕ್ರೀನ್‌ಶಾಟ್ ಹಾಕಿ ಟಿಕೆಟ್ ಕಳಿಸಿದರೆ, ಅದನ್ನು ಮುಗಿಸುವಾಗ ಅವರು ತಪ್ಪದೆ ಒಂದು ಸಾಲು ಬರೆಯುತ್ತಾರೆ: 'ನೀವು ಸ್ಕ್ರೀನ್‌ಶಾಟ್ ಕಳಿಸಿದ್ದರಿಂದ ಹತ್ತೇ ನಿಮಿಷದಲ್ಲಿ ಮುಗಿಯಿತು, ಥ್ಯಾಂಕ್ಸ್.' ಅದೇ ಮನುಷ್ಯ ಮುಂದಿನ ಸಲ ಎರಡು ಸ್ಕ್ರೀನ್‌ಶಾಟ್ ಕಳಿಸುತ್ತಾನೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಇಲಿ, ಪಾರಿವಾಳಗಳನ್ನು ಇಟ್ಟುಕೊಂಡು ಇದನ್ನೇ ವರ್ಷಗಟ್ಟಲೆ ಪರೀಕ್ಷಿಸಿದರು. ಒಂದು ಕೆಲಸದ ಹಿಂದೆಯೇ ಒಳ್ಳೆಯ ಫಲ ಬಂದರೆ ಆ ಕೆಲಸ ಮತ್ತೆ ಮತ್ತೆ ನಡೆಯುತ್ತದೆ ಅನ್ನುವುದು ಅವರ ಲೆಕ್ಕ. ಅಕ್ಕನಿಗೆ ಸ್ಕಿನ್ನರ್ ಯಾರೆಂದು ಗೊತ್ತಿಲ್ಲ, ಟಿಕೆಟ್ ಬೇಗ ಮುಗಿಯಬೇಕು ಅಷ್ಟೇ.

ಈಗ ನಮ್ಮ ಗುಂಪಿನದೇ ಒಂದು ವಿಷಯ. ಆ ಸ್ವಾಮಿಯ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ, ಹೆಸರು ಬೇಡ ಅಂದರು. ಬಳ್ಳಾರಿ ಕಡೆಯವರು, ಕನ್ನಿಸ್ವಾಮಿ, ಕಾಲ್ ಸೆಂಟರಿನಲ್ಲಿ ಕೆಲಸ. ದಿನಕ್ಕೆ ಎಂಟು ಸಿಗರೇಟು ಸೇದುತ್ತಿದ್ದವರು ಮಾಲೆ ಹಾಕಿದ ದಿನವೇ ಪೂರ್ತಿ ನಿಲ್ಲಿಸಿದರು. ಹನ್ನೆರಡನೇ ದಿನ ಪುರಸೈವಾಕ್ಕಂ ಹೈರೋಡಿನ ಟೀ ಅಂಗಡಿಯ ಹತ್ತಿರ ಅವರು ಸೇದುತ್ತಿದ್ದದ್ದನ್ನು ಇನ್ನೊಬ್ಬ ಸ್ವಾಮಿ ನೋಡಿದರು. ನೋಡಿದವರು ಸುಮ್ಮನಿರಲಿಲ್ಲ. 'ಮಾಲೆ ಹಾಕ್ಕೊಂಡು ದಮ್ಮು ಹೊಡೆಯೋರು ನಮ್ಮ ಗುಂಪಲ್ಲೂ ಇದ್ದಾರೆ, ಶರಣಂ' ಅಂತ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟರು. ಹತ್ತು ನಿಮಿಷದಲ್ಲಿ ಇಪ್ಪತ್ತು ಮೆಸೇಜ್. ಆ ಕನ್ನಿಸ್ವಾಮಿ ಗ್ರೂಪಿನಿಂದ ಹೊರಬಿದ್ದರು. ಅವತ್ತು ರಾತ್ರಿಯೇ ಮಾಲೆ ತೆಗೆದಿಡುವ ಯೋಚನೆಯಲ್ಲಿದ್ದರಂತೆ.

ನಮ್ಮ ಗುರುಸ್ವಾಮಿ ಕೋಲಾರದ ಕಡೆಯವರು, ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ಅವರು ಗ್ರೂಪಿನಲ್ಲಿ ಒಂದಕ್ಷರವನ್ನೂ ಬರೆಯಲಿಲ್ಲ. ನೇರವಾಗಿ ಆ ರೂಮಿಗೆ ಹೋದರು. ನಾನೂ ಜೊತೆಗಿದ್ದೆ. 'ಯಾಕೆ ಸೇದಿದ್ರಿ' ಅಂತ ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು: 'ಸ್ವಾಮಿ, ಹನ್ನೊಂದು ದಿನ ಹೇಗೆ ತಡೆದ್ರಿ?'

ತಲೆ ತಗ್ಗಿಸಿ ಕೂತಿದ್ದವರಿಗೆ ಮಾತು ಬಂತು. ಮೊದಲ ಹನ್ನೊಂದು ದಿನ ಡೇ ಶಿಫ್ಟ್ ಇತ್ತು. ಸಂಜೆ ಆಸೆಯಾದಾಗ ಗಂಗಾಧೀಶ್ವರ ದೇವಸ್ಥಾನಕ್ಕೆ ನಡೆದುಕೊಂಡು ಹೋಗಿ ಒಂದು ಸುತ್ತು ಬಂದರೆ ಆಸೆ ಇಳಿಯುತ್ತಿತ್ತು. ಹನ್ನೆರಡನೇ ದಿನದಿಂದ ನೈಟ್ ಶಿಫ್ಟ್ ಶುರುವಾಯಿತು. ರಾತ್ರಿ ಎರಡು ಗಂಟೆಗೆ ದೇವಸ್ಥಾನ ಎಲ್ಲಿ ತೆರೆದಿರುತ್ತದೆ? ಬ್ರೇಕಿನಲ್ಲಿ ಎಲ್ಲರೂ ಕೆಳಗಿಳಿದು ಸೇದುತ್ತಾರೆ, ಇವರೊಬ್ಬರೇ ಮೇಲೆ ಕೂರಬೇಕು. ರಾತ್ರಿಯೆಲ್ಲ ಹಾಗೆ ಕಳೆದು ಬೆಳಿಗ್ಗೆ ರೂಮಿಗೆ ಬರುವಾಗ ಟೀ ಅಂಗಡಿಯ ಮುಂದೆ ತಡೆಯಲಾಗಲಿಲ್ಲ. ಅಂದರೆ ತೊಂದರೆ ಇದ್ದದ್ದು ಭಕ್ತಿಯಲ್ಲಲ್ಲ, ಶಿಫ್ಟಿನಲ್ಲಿ. ಬೈದಿದ್ದರೆ ಈ ಒಂದು ವಿಷಯ ಹೊರಗೆ ಬರುತ್ತಲೇ ಇರಲಿಲ್ಲ.

ಗುರುಸ್ವಾಮಿ ಹೇಳಿದ್ದು ಮೂರೇ ಮಾತು. ನಾಳೆ ತಣ್ಣೀರು ಸ್ನಾನ ಮಾಡಿ ನೂರೆಂಟು ಶರಣು ಹೇಳಿ ಮುಂದುವರಿಸಿ. ರಾತ್ರಿ ಬ್ರೇಕಿಗೆ ಶುಂಠಿ ತುಳಸಿ ಕಷಾಯ ಫ್ಲಾಸ್ಕಿನಲ್ಲಿ ಒಯ್ಯಿರಿ. ಶನಿವಾರದ ಭಜನೆಯಲ್ಲಿ ದೀಪ ಹಚ್ಚುವುದು ಇನ್ನು ನಿಮ್ಮ ಕೆಲಸ. ಫ್ಲಾಸ್ಕ್ ತುಂಬಿಸಿ ಕೊಡುವ ಕೆಲಸ ಯಾರಿಗೆ ಬಿತ್ತು ಅಂದರೆ, ಗ್ರೂಪಿನಲ್ಲಿ ಮೆಸೇಜ್ ಹಾಕಿದ ಆ ಸ್ವಾಮಿಗೆ! ಪಾಪ, ಅವರು ಇಡೀ ನೈಟ್ ಶಿಫ್ಟ್ ಮುಗಿಯುವವರೆಗೆ ಒಂದು ದಿನವೂ ತಪ್ಪಿಸಲಿಲ್ಲ. ಈಗ ಇಬ್ಬರೂ ಒಂದೇ ರೂಮಿನಲ್ಲಿದ್ದಾರೆ.

'ಹೇಗೆ ತಡೆದ್ರಿ' ಅನ್ನುವ ಆ ಪ್ರಶ್ನೆಯ ಬಗ್ಗೆ ಸ್ವಲ್ಪ ನಿಲ್ಲಬೇಕು. ಅಮೆರಿಕದ ವಿಲಿಯಂ ಮಿಲ್ಲರ್ ಕುಡಿತದ ಚಟ ಇರುವವರಿಗೆ ಚಿಕಿತ್ಸೆ ಕೊಡುತ್ತಿದ್ದ ಮನಶ್ಶಾಸ್ತ್ರಜ್ಞ. 1983ರಲ್ಲಿ ಅವರೊಂದು ಲೇಖನ ಬರೆದರು. ಮುಂದೆ ಸ್ಟೀಫನ್ ರಾಲ್ನಿಕ್ ಜೊತೆ ಸೇರಿ 1991ರಲ್ಲಿ ಅದನ್ನು ಪುಸ್ತಕವಾಗಿ ಬೆಳೆಸಿದರು. ಅವರ ದಾರಿಯನ್ನು 'ಮೋಟಿವೇಶನಲ್ ಇಂಟರ್‌ವ್ಯೂಯಿಂಗ್' ಅನ್ನುತ್ತಾರೆ. ತಿರುಳು ಇಷ್ಟು: ಚಟ ಇರುವವನಿಗೆ ಬಿಡುವ ಆಸೆಯೂ ಇರುತ್ತದೆ, ಬಿಡದಿರುವ ಆಸೆಯೂ ಇರುತ್ತದೆ, ಎರಡೂ ಒಟ್ಟಿಗೆ. ನಾವು 'ಬಿಡು, ಬಿಡು' ಅಂತ ಒತ್ತಿದಷ್ಟೂ ಅವನು ಇನ್ನೊಂದು ಪಕ್ಷದ ವಕೀಲನಾಗುತ್ತಾನೆ. 'ಟೆನ್ಶನ್ನು ಸ್ವಾಮಿ, ನಿಮಗೇನು ಗೊತ್ತು' ಅನ್ನುತ್ತಾನೆ. ಬಿಡುವ ಕಾರಣಗಳನ್ನು ಅವನ ಬಾಯಿಂದಲೇ ಹೇಳಿಸಿದರೆ ಆ ವಾದ ಅವನದಾಗುತ್ತದೆ. ಅದಕ್ಕೆ ಪ್ರಶ್ನೆ ಬೇಕು, ಭಾಷಣ ಬೇಡ. 'ಮೊದಲು ಯಾವಾಗಲಾದರೂ ಬಿಟ್ಟಿದ್ರಾ? ಆಗ ಏನು ಸಹಾಯ ಆಯ್ತು?' ಇಂಥವು.

ಆದರೆ ಪ್ರೋತ್ಸಾಹ ಅಂದರೆ ಸುಳ್ಳು ಹೊಗಳಿಕೆ ಅಲ್ಲ. ಏನೂ ಮಾಡದವರಿಗೆ 'ಸೂಪರ್ ಸ್ವಾಮಿ' ಅಂತ ಎರಡು ಎಮೋಜಿ ಹಾಕಿದರೆ ಅವರಿಗೇ ಅದು ಟೊಳ್ಳು ಅಂತ ಗೊತ್ತಾಗುತ್ತದೆ. ಮಾಡಿದ ಕೆಲಸದ ಹೆಸರು ಹೇಳಿ ಮೆಚ್ಚಬೇಕು. 'ನಿನ್ನೆ ಮಳೆಯಲ್ಲೂ ನಾಲ್ಕೂವರೆಗೆ ಎದ್ದು ಬಂದ್ರಿ' ಅನ್ನುವುದು ಮೆಚ್ಚುಗೆ. 'ನೀವು ಆ ಸ್ವಾಮಿಗಿಂತ ಎಷ್ಟೋ ವಾಸಿ' ಅನ್ನುವುದು ಇನ್ನೊಬ್ಬರಿಗೆ ಹೊಡೆದ ಹಾಗೆ.

ಇನ್ನು ಲೆಕ್ಕದ ವಿಷಯ. ನಮ್ಮದು 41 ದಿನದ ಮಂಡಲ ವ್ರತ. ಒಂದು ಅಭ್ಯಾಸ ನೆಲೆಯೂರಲು ಎಷ್ಟು ದಿನ ಬೇಕು ಅಂತ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಯವರು 96 ಜನರ ಮೇಲೆ ಅಧ್ಯಯನ ಮಾಡಿದ್ದರು. ಊಟದ ಜೊತೆ ಹಣ್ಣು ತಿನ್ನುವುದು, ಸ್ವಲ್ಪ ಓಡುವುದು ಇಂಥ ಸಣ್ಣ ಅಭ್ಯಾಸಗಳು. ಅದು ತಾನೇ ತಾನಾಗಿ ಬರುವಂತಾಗಲು ಸರಿಸುಮಾರು 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕು, ಇನ್ನು ಕೆಲವರಿಗೆ 254 ದಿನ ಬೇಕಾಗಬಹುದು ಅಂತ ಲೆಕ್ಕ ಬಂತು. ನನಗೆ ಇಷ್ಟವಾದದ್ದು ಅದರಲ್ಲಿನ ಇನ್ನೊಂದು ಅಂಶ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಬೆಳೆಯುವುದಕ್ಕೆ ದೊಡ್ಡ ಪೆಟ್ಟೇನೂ ಬೀಳಲಿಲ್ಲ. ವ್ರತಭಂಗದ ವಿಷಯ ಗುರುಸ್ವಾಮಿಗೆ ಬಿಟ್ಟದ್ದು, ಅದರಲ್ಲಿ ನಾನು ಮಾತಾಡುವುದಿಲ್ಲ. ಆದರೆ ಚಟದ ಲೆಕ್ಕದಲ್ಲಿ, ಒಂದು ದಿನ ಜಾರಿದವನು ಸೊನ್ನೆಗೆ ಬಂದಿಲ್ಲ, ಹನ್ನೊಂದರಲ್ಲೇ ಇದ್ದಾನೆ.

ಇದೇ ಲೆಕ್ಕ ಇನ್ನೊಂದು ಕಡೆಯಿಂದ ಹೆದರಿಸುತ್ತದೆ. 41ನೇ ದಿನಕ್ಕೆ ಬಹಳಷ್ಟು ಜನರಲ್ಲಿ ಅಭ್ಯಾಸ ಇನ್ನೂ ಹಸಿಯಾಗಿರುತ್ತದೆ. ನಾವೇನು ಮಾಡುತ್ತೇವೆ? ಮಲೆಯಿಂದ ಇಳಿದು ಮಾಲೆ ತೆಗೆದ ದಿನವೇ 'ಪಾರ್ಟಿ ಯಾವಾಗ ಮಚ್ಚಾ' ಅಂತ ಕೇಳುತ್ತೇವೆ. ನಲವತ್ತೊಂದು ದಿನ ಸ್ವಾಮಿ ಅಂದ ಬಾಯೇ ಮರುದಿನ ಹಾಗೆ ಕರೆಯುತ್ತದೆ. ಇದಕ್ಕಿಂತ ದೊಡ್ಡ ನಿರುತ್ಸಾಹ ಬೇರೆ ಬೇಕಾ?

ನಮ್ಮ ಕರ್ನಾಟಕದಲ್ಲಿ ಈ ನಲವತ್ತೆರಡನೇ ದಿನದ ಬಗ್ಗೆ ಸರಿಯಾಗಿ ಯೋಚಿಸಿದವರು ಧರ್ಮಸ್ಥಳದವರು. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಶುರುವಾದದ್ದು. ಅದರ ಜೊತೆಗಿರುವ ಜನಜಾಗೃತಿ ವೇದಿಕೆ ಊರೂರಿನಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತದೆ. ಊರಿನ ಸಭಾಭವನವೋ ಶಾಲೆಯೋ ದೇವಸ್ಥಾನವೋ, ಅಲ್ಲಿ ಸಾಮಾನ್ಯವಾಗಿ ಎಂಟು ದಿನ ಉಳಿಯಬೇಕು. ವ್ಯಾಯಾಮ, ಭಜನೆ, ಆಪ್ತಸಲಹೆ, ಆರೋಗ್ಯ ತಪಾಸಣೆ ಎಲ್ಲ ಇರುತ್ತದೆ, ಮನೆಯವರನ್ನೂ ಕರೆಸುತ್ತಾರೆ. ಊರಿನವರೇ ಸೇರಿ ಸಮಿತಿ ಮಾಡಿ ನಿಂತು ನಡೆಸುತ್ತಾರೆ. ಶಿಬಿರ ಮುಗಿಸಿದವರನ್ನು 'ಮಾಜಿ ಕುಡುಕರು' ಅಂತ ಯಾರೂ ಕರೆಯುವುದಿಲ್ಲ. ಅವರು 'ನವಜೀವನ ಸದಸ್ಯರು'. ಅವರಿಗೊಂದು ನವಜೀವನ ಸಮಿತಿ, ಅದರಲ್ಲಿ ಮತ್ತೆ ಮತ್ತೆ ಸೇರುತ್ತಾರೆ, ಹೊಸ ಶಿಬಿರಕ್ಕೆ ಹೋಗಿ ತಮ್ಮ ಅನುಭವ ಹೇಳುತ್ತಾರೆ. ಒಂದು ಕಾಲಕ್ಕೆ ರಸ್ತೆ ಬದಿ ಬಿದ್ದಿದ್ದವರು ಮೈಕ್ ಹಿಡಿದು ಹತ್ತು ಜನರಿಗೆ ದಾರಿ ತೋರಿಸುತ್ತಾರೆ. ಹೊಸ ಹೆಸರು, ಜೊತೆಗೊಂದು ಬಳಗ, ಕೈಗೊಂದು ಕೆಲಸ. ನಮ್ಮ ಮಾಲೆ ಮಾಡುವುದೂ ಇದನ್ನೇ. ಅವರದು ಎಂಟು ದಿನಕ್ಕೆ ಮುಗಿಯದೆ ಮುಂದುವರಿಯುತ್ತದೆ, ನಮ್ಮದು ಮಲೆ ಇಳಿದ ಕೂಡಲೇ ಮುಗಿದುಹೋಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಓದದೆ ಬಿಡಬೇಡಿ. ಸಿಗರೇಟು ಒಮ್ಮೆಲೇ ಬಿಟ್ಟರೆ ಸಿಟ್ಟು, ತಲೆನೋವು, ನಿದ್ದೆಗೇಡು ಬರುತ್ತದೆ, ಪ್ರಾಣಾಪಾಯ ಇಲ್ಲ. ಆದರೆ ವರ್ಷಗಟ್ಟಲೆ ದಿನವೂ ಜಾಸ್ತಿ ಕುಡಿಯುವವರು ಮಾಲೆ ಹಾಕಿ ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ಮೂರು ದಿನದಲ್ಲಿ ಕೈ ನಡುಕ, ಬೆವರು, ಫಿಟ್ಸ್, ಏನೇನೋ ಕಾಣಿಸುವುದು ಆಗಬಹುದು. ಅದು ದೈವ ಮೈಮೇಲೆ ಬಂದದ್ದಲ್ಲ. ಆಗ ಬೆನ್ನು ತಟ್ಟುವುದು ಸಾಲದು, ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಅಂಥವರು ಡಾಕ್ಟರನ್ನು ಕಂಡ ಮೇಲೆಯೇ ಮಾಲೆ ಹಾಕಲಿ ಅಂತ ನಮ್ಮ ಗುರುಸ್ವಾಮಿಯೂ ಹೇಳುತ್ತಾರೆ. ಚೆನ್ನೈನಲ್ಲಿರುವವರಿಗೆ ಅಡ್ಯಾರ್ ಕಡೆ ಟಿಟಿಕೆ ಆಸ್ಪತ್ರೆ ಇದೆ. ಕುಡಿತದಿಂದ ಗಂಡನನ್ನು ಕಳೆದುಕೊಂಡ ಶಾಂತಿ ರಂಗನಾಥನ್ 1980ರಲ್ಲಿ ಕಟ್ಟಿದ ಸಂಸ್ಥೆ ಅದು. ಬೇರೆ ಊರಿನವರು ಮದ್ಯ, ಮಾದಕ ವಸ್ತುವಿನ ಸಹಾಯಕ್ಕೆ 14446ಕ್ಕೆ, ತಂಬಾಕು ಬಿಡಲು 1800-11-2356ಕ್ಕೆ ಫೋನ್ ಮಾಡಬಹುದು. ಎರಡೂ ಉಚಿತ.

ಇಷ್ಟು ಹೊತ್ತು ಒಬ್ಬೊಬ್ಬರ ಚಟದ ಮಾತಾಯಿತು. ಗುಂಪುಗುಂಪಾಗಿ ಲಕ್ಷಾಂತರ ಜನರ ಅಭ್ಯಾಸ ಬದಲಾಯಿಸುವುದು ಹೇಗೆ? ಅದಕ್ಕೂ ನಮ್ಮ ಶಬರಿಮಲೆಯೇ ಉದಾಹರಣೆ. 2011ರಲ್ಲಿ ಕೇರಳ ಪೊಲೀಸ್ ಅಧಿಕಾರಿ ಪಿ. ವಿಜಯನ್ ಅಲ್ಲಿ 'ಪುಣ್ಯಂ ಪೂಂಕಾವನಂ' ಶುರು ಮಾಡಿದರು. ಪೂಂಕಾವನ ಅಂದರೆ ಅಯ್ಯಪ್ಪನ ಹೂವಿನ ತೋಟ, ಸನ್ನಿಧಾನದ ಸುತ್ತಲಿನ ಹದಿನೆಂಟು ಮಲೆಗಳ ಕಾಡು. ಆ ಕಾಡು ಬಾಟಲಿ, ಕವರುಗಳಿಂದ ತುಂಬುತ್ತಿತ್ತು. ಪಂಪೆಯಲ್ಲಿ ಜನ ಬಟ್ಟೆ ಬಿಟ್ಟು ಬರುತ್ತಿದ್ದರು. ಪೊಲೀಸ್ ಕೈಯಲ್ಲಿ ಲಾಠಿಯೂ ಇದೆ, ದಂಡದ ಪುಸ್ತಕವೂ ಇದೆ. ಅವರು ಆರಿಸಿಕೊಂಡದ್ದು ಪೊರಕೆ. ಪೊಲೀಸರು, ದೇವಸ್ವಂ ಸಿಬ್ಬಂದಿ, ಬೇರೆ ಇಲಾಖೆಗಳವರು, ಸೇವಾ ಸಂಘದವರು ತಾವೇ ಗುಡಿಸಲು ನಿಂತರು. ಬಂದ ಸ್ವಾಮಿಗಳನ್ನು 'ಒಂದು ಗಂಟೆ ನೀವೂ ಬನ್ನಿ' ಅಂತ ಕರೆದರು. ಯಾತ್ರೆ ಪೂರ್ತಿಯಾಗುವುದು ಸ್ವಲ್ಪವಾದರೂ ಶ್ರಮದಾನ ಮಾಡಿದಾಗ ಅನ್ನುವ ಮಾತನ್ನು ಅವರು ಹಬ್ಬಿಸಿದರು. ದೊಡ್ಡ ಅಧಿಕಾರಿ ಬಂದರೂ ಸಿನಿಮಾ ನಟ ಬಂದರೂ ಅದೇ. 2017ರ ಡಿಸೆಂಬರ್ 31ರ 'ಮನ್ ಕಿ ಬಾತ್'ನಲ್ಲಿ ಪ್ರಧಾನಿಯವರು ಇದರ ಬಗ್ಗೆ ಹೇಳಿದ ಮೇಲೆ ಕೇರಳದ ಹೊರಗೂ ಹೆಸರಾಯಿತು.

ಇದರ ಜಾಣತನ ಎಲ್ಲಿದೆ ನೋಡಿ. 'ಕಸ ಹಾಕಬೇಡಿ' ಅಂದರೆ ಅದು ನಿಷೇಧ, ಪಾಲಿಸಿದರೂ ಯಾರಿಗೂ ಕಾಣುವುದಿಲ್ಲ. 'ಒಂದು ಗಂಟೆ ಗುಡಿಸಿ' ಅಂದರೆ ಅದು ಸೇವೆ, ಪುಣ್ಯದ ಲೆಕ್ಕಕ್ಕೆ ಸೇರುತ್ತದೆ. ತನ್ನ ಕೈಯಾರೆ ಗುಡಿಸಿದ ಜಾಗದಲ್ಲಿ ಯಾರೂ ಬಾಟಲಿ ಎಸೆಯುವುದಿಲ್ಲ.

ನಮ್ಮ ಗ್ರೂಪುಗಳಲ್ಲಿ ಓಡಾಡುವ ಒಂದು ತರದ ಪೋಸ್ಟ್ ಬಗ್ಗೆಯೂ ಹೇಳಲೇಬೇಕು. ಕಸದ ರಾಶಿಯ ಫೋಟೊ, ಕೆಳಗೆ 'ನೋಡಿ ಸ್ವಾಮಿ, ಎಲ್ಲರೂ ಹೀಗೇ ಮಾಡ್ತಾರೆ, ನಾಚಿಕೆಗೇಡು.' ಬರೆದವರ ಉದ್ದೇಶ ಒಳ್ಳೆಯದೇ. ಆದರೆ ಅಮೆರಿಕದ ಅರಿಜೋನಾದಲ್ಲಿ ಪೆಟ್ರಿಫೈಡ್ ಫಾರೆಸ್ಟ್ ಅನ್ನುವ ರಾಷ್ಟ್ರೀಯ ಉದ್ಯಾನ ಇದೆ, ಅಲ್ಲಿ ಕಲ್ಲಾಗಿಹೋದ ಹಳೇ ಮರದ ಚೂರುಗಳನ್ನು ಪ್ರವಾಸಿಗರು ಕದಿಯುತ್ತಿದ್ದರು. ರಾಬರ್ಟ್ ಚಾಲ್ಡೀನಿ ಮತ್ತು ಜೊತೆಯವರು ಎರಡು ತರದ ಬೋರ್ಡ್ ಹಾಕಿ ನೋಡಿದರು. 'ಬಹಳ ಜನ ಕದ್ದು ಉದ್ಯಾನ ಹಾಳಾಗಿದೆ' ಅನ್ನುವ ಅರ್ಥದ ಬೋರ್ಡ್ ಇದ್ದ ಕಡೆ ಗುರುತು ಮಾಡಿಟ್ಟ ಚೂರುಗಳಲ್ಲಿ ನೂರಕ್ಕೆ ಸುಮಾರು 8 ಕಳುವಾದವು. 'ದಯವಿಟ್ಟು ತೆಗೆಯಬೇಡಿ' ಅಂದ ಕಡೆ 2ಕ್ಕಿಂತ ಕಡಿಮೆ. 'ಎಲ್ಲರೂ ಮಾಡ್ತಾರೆ' ಅಂದರೆ ಮನಸ್ಸು ಕೇಳಿಸಿಕೊಳ್ಳುವುದು 'ಹಾಗಾದರೆ ನಾನೂ ಮಾಡಬಹುದು' ಅಂತ. ಇನ್ನು ಮುಂದೆ ಕಸದ ಫೋಟೊ ಬೇಡ, ಗುಡಿಸುತ್ತಿರುವ ಸ್ವಾಮಿಗಳ ಫೋಟೊ ಹಾಕಿ.

ಪೆರಿಯಾರ್ ಹುಲಿ ಮೀಸಲು ಕಾಡಿನದು ಇನ್ನೂ ರೋಚಕ. ನಮ್ಮ ಶಬರಿಮಲೆ ಆ ಕಾಡಿನ ಪಶ್ಚಿಮ ಅಂಚಿಗೇ ಸೇರಿದ್ದು. ತೇಕ್ಕಡಿ ಕಡೆ ಕಾಡುದಾಲ್ಚಿನ್ನಿ ಮರದ ತೊಗಟೆ ಕದಿಯುವ ತಂಡವೊಂದಿತ್ತು. ಕೇಸು, ಜೈಲು, ಮತ್ತೆ ಕಾಡು, ಹೀಗೇ ನಡೆದಿತ್ತು. 1990ರ ದಶಕದ ಕೊನೆಯಲ್ಲಿ ಪರಿಸರ ಅಭಿವೃದ್ಧಿ ಯೋಜನೆಯಡಿ (ನಮ್ಮ ನಾಗರಹೊಳೆಯೂ ಆ ಯೋಜನೆಯಲ್ಲಿತ್ತು) ಅರಣ್ಯ ಇಲಾಖೆ ಅವರನ್ನೇ ಸಮಿತಿ ಮಾಡಿ, ಕಾಡು ಕಾಯುವ ಮತ್ತು ಪ್ರವಾಸಿಗರಿಗೆ ದಾರಿ ತೋರಿಸುವ ಕೆಲಸ ಕೊಟ್ಟಿತು. ಕಳ್ಳದಾರಿಗಳೆಲ್ಲ ಅವರಿಗೆ ಗೊತ್ತಿದ್ದವು, ಈಗ ಅದೇ ವಿದ್ಯೆ ಕಾವಲಿಗೆ ಬಂತು. ಗುರುಸ್ವಾಮಿ ಆ ಕನ್ನಿಸ್ವಾಮಿಗೆ ದೀಪದ ಕೆಲಸ ಕೊಟ್ಟದ್ದು ನೆನಪಾಗುತ್ತದೆ.

ಹಾಗಂತ ಎಲ್ಲವೂ ಸಿಹಿ ಮಾತಿನಿಂದಲೇ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಪಂಪೆಗೆ ಬಟ್ಟೆ ಎಸೆಯಬಾರದು ಅಂತ ಕೇರಳ ಹೈಕೋರ್ಟ್ ಆದೇಶ ಮಾಡಿದೆ, ಅದು ಆಚಾರವೇ ಅಲ್ಲ ಅಂತ ದೇವಸ್ಥಾನದ ಕಡೆಯಿಂದಲೂ ಹೇಳಿದ್ದಾರೆ. ನದಿ ಕೆಟ್ಟರೆ ಕೆಳಗಿನ ಊರಿನವರು ಅದೇ ನೀರು ಬಳಸಬೇಕು, ಅಲ್ಲಿ ಕಾನೂನು ಬೇಕೇ ಬೇಕು. ಹಾಗೆಯೇ ಕುಡಿದು ಗಾಡಿ ಓಡಿಸುವವರ ಕೈಯಿಂದ ಮೊದಲು ಕೀ ಕಿತ್ತುಕೊಳ್ಳಿ, ಪ್ರೋತ್ಸಾಹ ಬೆಳಿಗ್ಗೆ ಕೊಡೋಣ.

ಆ ಬಳ್ಳಾರಿ ಸ್ವಾಮಿ ಏನಾದರು ಅಂತ ಕೇಳುತ್ತೀರಿ. 41 ದಿನ ಮುಗಿಸಿ ಹದಿನೆಂಟು ಮೆಟ್ಟಿಲು ಹತ್ತಿದರು. ಬಂದ ಮೇಲೆ ಎರಡು ಸಲ ಸೇದಿದ್ದಾರೆ. ನಮಗೆ ಗೊತ್ತಾದದ್ದು ಹೇಗೆ ಅಂದರೆ ಅವರೇ ಬಂದು ಗುರುಸ್ವಾಮಿಗೆ ಹೇಳಿದರು. ಎಂಟರಿಂದ ತಿಂಗಳಿಗೆ ಎರಡಕ್ಕೆ ಇಳಿದದ್ದು ದೊಡ್ಡದು, ಬಚ್ಚಿಡದೆ ಬಂದು ಹೇಳಿದ್ದು ನನಗೆ ಅದಕ್ಕಿಂತ ದೊಡ್ಡದು. ಈ ವರ್ಷ ಅವರ ರೂಮಿನಲ್ಲಿ ಇಬ್ಬರು ಹೊಸ ಕನ್ನಿಸ್ವಾಮಿಗಳಿದ್ದಾರೆ, ಫ್ಲಾಸ್ಕ್ ಈಗ ಇವರ ಜವಾಬ್ದಾರಿ.

ಈ ವಾರದ ಅಭ್ಯಾಸ: ನಿಮ್ಮ ಗುಂಪಿನಲ್ಲಿ ಒದ್ದಾಡುತ್ತಿರುವ ಒಬ್ಬ ಸ್ವಾಮಿಯನ್ನು ನೆನಪಿಸಿಕೊಳ್ಳಿ. ಅವರು ಈ ವಾರ ಸರಿಯಾಗಿ ಮಾಡಿದ ಒಂದೇ ಒಂದು ಕೆಲಸ ಹುಡುಕಿ. ಗ್ರೂಪಿನಲ್ಲಿ ಬೇಡ, ಅವರಿಗೆ ಮಾತ್ರ ಫೋನ್ ಮಾಡಿ ಹೇಳಿ. 'ಆದರೆ' ಅನ್ನುವ ಪದ ಹಾಕದೆ ಮಾತು ಮುಗಿಸಿ, ಇದು ಅಂದುಕೊಂಡಷ್ಟು ಸುಲಭ ಅಲ್ಲ.

ಮದ್ರಾಸಿನ ಸ್ವಾಮಿಗಳಿಗೆ: ಚೆನ್ನೈ ಸೆಂಟ್ರಲ್‌ನಿಂದ ತಿರುವನಂತಪುರ ಮೇಲ್‌ನಲ್ಲಿ ಚೆಂಗನ್ನೂರಿಗೆ ಹೋಗುವ ನಮ್ಮ ತಂಡದಲ್ಲಿ ಪ್ರತಿಯೊಬ್ಬರೂ ಸ್ಟೀಲ್ ಬಾಟಲಿ, ಬಟ್ಟೆ ಚೀಲ ತರಬೇಕು. ಇರುಮುಡಿಗೆ ಪ್ಲಾಸ್ಟಿಕ್ ಕವರ್ ಇಲ್ಲ, ಅಕ್ಕಿಗೂ ಅರಿಶಿನಕ್ಕೂ ಬಟ್ಟೆಯ ಅಥವಾ ಕಾಗದದ ಪೊಟ್ಟಣವೇ. ಮಾಲೆ ತೆಗೆದ ನಂತರದ ಮೊದಲ ನಾಲ್ಕು ಶನಿವಾರ ಭಜನೆ ನಿಲ್ಲುವುದಿಲ್ಲ, ಎಂದಿನಂತೆ ಸಂಜೆ ಏಳಕ್ಕೆ. ಅಲ್ಲಿಯೂ ಎಲ್ಲರನ್ನೂ 'ಸ್ವಾಮಿ' ಅಂತಲೇ ಕರೆಯೋಣ ಅಂತ ಗುರುಸ್ವಾಮಿ ಹೇಳಿದ್ದಾರೆ.

ಸ್ವಾಮಿಯೇ ಶರಣಂ ಅಯ್ಯಪ್ಪ.